ಮರೆಯದೆ ಮನೆಗೆ ಬರುವವರು

ನಮ್ಮೂರಿನ ಮನೆಗಳಿಗೆ ಬೀಗವಿಲ್ಲ. ತನ್ನವರು ಯಾರೆಂದು ಬಾಗಿಲಿಗೇ ಗೊತ್ತಿರುತ್ತದೆ. ಮೆಟ್ಟಿಲು ಹತ್ತುವ ರೀತಿ, ಹೊಸಿಲ ಮುಂದೆ ನಿಲ್ಲುವ ಹೊತ್ತು, ಕೆಮ್ಮು, ಬಳೆಯ ಸದ್ದು, ಚಪ್ಪಲಿ ಬಿಡುವಾಗ ಯಾವ ಕಾಲು ಮೊದಲು ಎಂಬುದು, ಇವನ್ನೆಲ್ಲ ಕೂಡಿಸಿ ಅದು ಒಬ್ಬ ಮನುಷ್ಯನನ್ನು ತಿಳಿದುಕೊಂಡಿರುತ್ತದೆ. ಹಾಗಾಗಿ ನಮ್ಮಲ್ಲಿ ಯಾರೂ ಸುಲಭವಾಗಿ ಬದಲಾಗುವುದಿಲ್ಲ. ಹೊಸ ಚಪ್ಪಲಿ ಕೊಂಡವರು ಮೊದಲು ಪಕ್ಕದ ಮನೆಯ ಅಂಗಳದಲ್ಲಿ ಅದನ್ನು ಮೆಟ್ಟಿ ತಿರುಗಾಡಿ, ಕಾಲಿಗೆ ಒಗ್ಗಿದ ಮೇಲೆ ಸ್ವಂತ ಮನೆಗೆ ಹಾಕಿಕೊಂಡು ಬರುತ್ತಾರೆ. ಎಲೆಅಡಿಕೆ ಬಿಟ್ಟ ಗಂಡಸರು ಸಂಜೆ ಹೊಸಿಲ ಹತ್ತಿರ ಬಂದಾಗ ಬರೀ ಬಾಯನ್ನೇ ಅಗಿಯುತ್ತಾರೆ. ಧ್ವನಿ ಒಡೆದ ಹುಡುಗ, ಮಂಡಿನೋವು ಶುರುವಾದ ಅಜ್ಜಿ ಒಂದಷ್ಟು ದಿನ ಯಾರದಾದರೂ ಕೈ ಹಿಡಿದೇ ಒಳಗೆ ಬರಬೇಕು. ಮದುವೆಯಾಗಿ ಬಂದ ಸೊಸೆಯನ್ನು ಅತ್ತೆಯಾದವಳು ನೀರಿಗೆ, ಹೂವಿಗೆ, ಬೆಂಕಿಪೊಟ್ಟಣಕ್ಕೆ ಎಂದು ಮತ್ತೆ ಮತ್ತೆ ಹೊರಗೆ ಕಳಿಸಿ ಒಳಗೆ ಕರೆದುಕೊಳ್ಳುತ್ತಾಳೆ. ಅದು ಕೆಲಸವಲ್ಲ, ಬಾಗಿಲಿಗೆ ಹೇಳಿಕೊಡುವ ಪಾಠ. ನೆಗಡಿಯಾದರೆ ಬಾಗಿಲಿಗೆ ಹೇಳಿ ಸೀನು ಎಂಬ ಗಾದೆ ನಮ್ಮೂರು ಬಿಟ್ಟರೆ ಬೇರೆಲ್ಲೂ ಇರಲಾರದು.

ಸಾವಿನ ಮನೆಗೂ ಒಂದು ಪದ್ಧತಿಯಿದೆ. ಸತ್ತವರ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಇಡುತ್ತಾರೆ. ಅವರ ಹಾಗೆ ಯಾರೂ ಕೆಮ್ಮಬಾರದು, ಅವರ ಚಪ್ಪಲಿಯನ್ನು ಯಾರೂ ಮೆಟ್ಟಬಾರದು. ಒಂದು ಋತು ಕಳೆಯುವಷ್ಟರಲ್ಲಿ ಮನೆ ತಾನಾಗಿಯೇ ಅವರನ್ನು ಮರೆಯುತ್ತದೆ. ಉಳಿದವರ ಪಾಡು ಅದಕ್ಕಿಂತ ಕಷ್ಟದ್ದು. ದುಃಖವಾದವರ ನಡಿಗೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ, ಬಾಗಿಲು ಗೊಂದಲಕ್ಕೆ ಬಿದ್ದು ತೆರೆಯುವುದಿಲ್ಲ. ಆಗ ನೆರೆಯವರು ಬಂದು ಹೊಸಿಲ ಮೇಲೆ ಕೂತು, ಅವರನ್ನು ಒಳಗೆ ಹೊರಗೆ ಓಡಾಡಿಸಿ ಮತ್ತೆ ಪರಿಚಯ ಮಾಡಿಸುತ್ತಾರೆ. ಸಾಮಾನ್ಯವಾಗಿ ಮನೆ ಒಪ್ಪಿಕೊಳ್ಳುತ್ತದೆ. ಯಾರನ್ನೂ ಅರಿಯದೇ ಹೋದ ಮನೆ ಯಾರದೂ ಅಲ್ಲ, ಅದನ್ನು ಊರು ತೆಗೆದುಕೊಂಡು ಬೇರೆಯವರಿಗೆ ಕೊಡುತ್ತದೆ. ಇದರಲ್ಲಿ ಯಾರೂ ಅನ್ಯಾಯ ಕಂಡಿದ್ದಿಲ್ಲ.

ನನ್ನ ಕೆಲಸ ಹುಟ್ಟಿಕೊಂಡಿದ್ದು ಊರಿಗೆ ನೆಟ್‌ವರ್ಕ್ ಬಂದ ಮೇಲೆ. ಒಬ್ಬರ ಮನೆಯಿಂದ ಅವರ ಅಂಗಡಿಗೆ ಅಥವಾ ಕಚೇರಿಗೆ ತಂತಿ ಎಳೆದರು. ಮನೆ ಬಲ್ಲದ್ದನ್ನು ಅಂಗಡಿಯ ಬಾಗಿಲೂ ಬಲ್ಲದಾಯಿತು. ಅನುಕೂಲವೇನೋ ಆಯಿತು. ಆದರೆ ತಂತಿಯಲ್ಲಿ ಹರಿಯುವುದನ್ನು ನಡುವೆ ಕೂತು ಕದ್ದು ಕೇಳುವವರೂ ಹುಟ್ಟಿಕೊಂಡರು. ಅವರು ಬಾಗಿಲು ಮುರಿಯುವುದಿಲ್ಲ. ನಿಮ್ಮ ನಡಿಗೆ ಕಲಿತು, ನಿಮ್ಮ ಕೆಮ್ಮು ಕಲಿತು, ನೀವಿಲ್ಲದ ಹೊತ್ತಿನಲ್ಲಿ ನೀವಾಗಿ ಒಳಗೆ ಬರುತ್ತಾರೆ. ಅಂಥವರನ್ನು ಕಂಡುಹಿಡಿಯುವ ವಿಧಾನಗಳನ್ನು ರೂಪಿಸುವುದು ನಮ್ಮ ಕಚೇರಿಯ ಕೆಲಸ. ನಾನು ಕಾಲೇಜಿನಲ್ಲಿ ಓದಿದ್ದು ಸಂಖ್ಯಾಶಾಸ್ತ್ರ. ಸ್ವಭಾವದಿಂದ ಹೆದರಿಕೆಯವಳು. ಒಲೆ ಆರಿಸಿದ್ದೇನೆಯೇ ಎಂದು ಬೀದಿಯ ತುದಿಯಿಂದ ಹಿಂದಿರುಗಿ ಹೋಗಿ ನೋಡುವ ಜಾತಿ. ಈ ಕೆಲಸಕ್ಕೆ ಓದಿಗಿಂತ ಆ ಹೆದರಿಕೆಯೇ ಹೆಚ್ಚು ಉಪಯೋಗಕ್ಕೆ ಬಂತು.

ನನಗಿಂತ ಮುಂಚೆ ಇದ್ದವರೆಲ್ಲ, ಕಳ್ಳನ ನಡೆಯಲ್ಲಿ ಎಲ್ಲೋ ವ್ಯತ್ಯಾಸ ಇದ್ದೇ ಇರುತ್ತದೆ ಎಂದು ಹುಡುಕುತ್ತಿದ್ದರು. ಹಾಗೆ ಹುಡುಕಿದರೆ ಕಾಲುಳುಕಿದ ಯಜಮಾನನೇ ಕಳ್ಳನಾಗಿ ಸಿಕ್ಕಿಬೀಳುತ್ತಿದ್ದ. ಹಳೆಯ ದಾಖಲೆಗಳನ್ನು ನೋಡುತ್ತಾ ನನಗೆ ಬೇರೆಯೇ ಒಂದು ಕಂಡಿತು. ನಿಜವಾದ ಮನುಷ್ಯ ತನ್ನ ಹಾಗೆ ತಾನೇ ಪೂರ್ತಿ ಇರುವುದಿಲ್ಲ. ಎಡವುತ್ತಾನೆ, ಕೊಡೆ ಮರೆಯುತ್ತಾನೆ, ಅರ್ಧ ಮೆಟ್ಟಿಲು ಹತ್ತಿ ಏನೋ ನೆನಪಾಗಿ ಇಳಿಯುತ್ತಾನೆ. ಕಳ್ಳನಿಗೆ ಅದೆಲ್ಲ ಸಾಧ್ಯವಿಲ್ಲ. ಕಲಿತ ಪಾಠ ತಪ್ಪಿದರೆ ಎಂಬ ಭಯದಲ್ಲಿ ಅವನು ಒಂದು ದಿನವೂ ತಪ್ಪುವುದಿಲ್ಲ. ಹಾಗಾಗಿ ನಾನು ತಪ್ಪುಗಳನ್ನು ಎಣಿಸದೆ, ತಪ್ಪಿಲ್ಲದಿರುವುದನ್ನು ಹುಡುಕುವ ವಿಧಾನ ಬರೆದೆ. ನನ್ನ ಪಕ್ಕದ ಮೇಜಿನ ಜೈನಬಿ ಅದಕ್ಕೆ ‘ಮರೆಗುಳಿ’ ಎಂದು ಹೆಸರಿಟ್ಟಳು. ಮರೆಯದವರನ್ನು ಹಿಡಿಯುವ ಯಂತ್ರಕ್ಕೆ ಮರೆಗುಳಿ ಎಂದು ಹೆಸರು.

ಆ ಹೊತ್ತಿಗೇ ಗಾಣದ ಬೀದಿಯಲ್ಲಿ ಒಂದು ಅನಾಹುತ ನಡೆಯಿತು. ಮಗನ ನಡಿಗೆ ಕಲಿತವನೊಬ್ಬ ಮನೆಯೊಳಗೆ ಬಂದ. ಅಡುಗೆಮನೆಯಲ್ಲಿದ್ದ ತಾಯಿ, ಕೈ ಒರೆಸಿಕೊಳ್ಳುತ್ತಾ, ಇಷ್ಟು ಬೇಗ ಬಂದ್ಯಾ ಮಗಾ ಎನ್ನುತ್ತಾ ಹೊರಗೆ ಬಂದಿದ್ದರು. ಅವನು ದೂಡಿದ ರಭಸಕ್ಕೆ ಅವರ ಸೊಂಟ ಮುರಿಯಿತು. ಇದಾದ ಮೇಲೆ ನಮ್ಮ ಮುಖ್ಯಸ್ಥರಾದ ಹಾಲಪ್ಪನವರು ಕಾಯಲಿಲ್ಲ. ಬರುವ ಸೋಮವಾರದಿಂದ ಮರೆಗುಳಿ ಊರಿನ ಎಲ್ಲ ಬಾಗಿಲುಗಳಿಗೂ ಹೋಗಬೇಕು, ಅಷ್ಟರೊಳಗೆ ಇತ್ತೀಚಿನ ದಾಖಲೆಗಳ ಮೇಲೆ ಒಮ್ಮೆ ಓಡಿಸಿ ನೋಡಿ ಎಂದರು.

ಓಡಿಸಿದೆವು. ಸಿಕ್ಕಿದ್ದೆಲ್ಲ ನಿರೀಕ್ಷಿಸಿದ್ದೇ. ಒಂದನ್ನು ಬಿಟ್ಟು.

“ಇವನ್ನ ನೋಡು ನಳಿನಿ,” ಎಂದು ಜೈನಬಿ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ದಿನಾ ಸಂಜೆ ಬರ್ತಾನೆ. ಒಂದು ಹೆಜ್ಜೆ ಆಚೆ ಈಚೆ ಇಲ್ಲ. ಇಷ್ಟು ಸರಿಯಾಗಿ ಯಾವ ಗಂಡಸು ಮನೆಗೆ ಬರ್ತಾನೆ ಹೇಳು. ನಮ್ಮನೆಯವ್ರು ಬಂದ್ರೆ ಮೊದ್ಲು ಮೆಟ್ಲು ಎಡವ್ತಾರೆ, ಆಮೇಲೆ ಮೆಟ್ಲಿಗೆ ಬಯ್ತಾರೆ, ಆಮೇಲೆ ಬಾಗ್ಲು ತೆಗಿಯತ್ತೆ. ಇವ್ನು ಪಕ್ಕಾ ಕಳ್ಳ.”

ದಾಖಲೆಯಲ್ಲಿ ಹೆಸರುಗಳಿರುವುದಿಲ್ಲ. ಬಾಗಿಲಿನ ಸಂಖ್ಯೆ, ಅದು ಕೇಳಿಸಿಕೊಂಡದ್ದು, ಅಷ್ಟೇ. ನಾನು ಸಂಖ್ಯೆಯನ್ನು ನೋಡಲಿಲ್ಲ. ಬೆರಳ ಗೆಣ್ಣಿನಿಂದ ಚೌಕಟ್ಟಿಗೆ ಎರಡು ಬಡಿತ. ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮು. ಬಲಗೈಯ ಚೀಲ ಎಡಗೈಗೆ ಬಂದು, ತಕ್ಕಡಿಯ ತಟ್ಟೆಯ ಮೇಲೆ ಇಟ್ಟ ಹಾಗೆ ಮೆಲ್ಲಗೆ ನೆಲಕ್ಕಿಳಿಯುವುದು. ನನ್ನ ಭಾವ, ಅಕ್ಕನ ಗಂಡ, ಹಾಗೆ ಮನೆಗೆ ಬರುತ್ತಿದ್ದರು. ಮೃತ್ಯುಂಜಯ ಎಂದು ಹೆಸರು, ಪೇಟೆಯಲ್ಲಿ ತಕ್ಕಡಿ ರಿಪೇರಿಯ ಅಂಗಡಿ ಇಟ್ಟಿದ್ದರು. ಹೋದ ಮಳೆಗಾಲದಲ್ಲಿ, ಒಂದು ಸಂಜೆ ಹಾಲಿನ ಬೂತಿನ ಹತ್ತಿರ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ.

“ನಾನು ನೋಡ್ಕೊಳ್ತೀನಿ ಇದನ್ನ,” ಎಂದೆ. ಜೈನಬಿ ನನ್ನ ಮುಖ ನೋಡಿ, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಅಕ್ಕ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಮಕ್ಕಳಿಲ್ಲ. ಭಾವ ತೀರಿಕೊಂಡ ಹೊಸದರಲ್ಲಿ ಅವಳಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಎದುರು ಮನೆಯ ಸಿದ್ಧಮ್ಮನವರು ಹೊಸಿಲ ಮೇಲೆ ಕೂತು ಅವಳನ್ನು ಓಡಾಡಿಸಿದ್ದರು. ಕೆಲವು ದಿನಗಳಾದ ಮೇಲೆ ಅಕ್ಕನೇ, ಈಗ ತೆರೀತದೆ, ನೀನು ದಿನಾ ಬರಬೇಡ ಎಂದಳು. ನನಗೆ ಸಮಾಧಾನವಾಗಿತ್ತು. ಈಗ ಯಾರೋ ಒಬ್ಬ, ಸತ್ತವನ ನಡಿಗೆಯಲ್ಲಿ ಸಂಜೆ ಸಂಜೆ ಅವಳಿರುವ ಮನೆಗೆ ಹೋಗುತ್ತಿದ್ದಾನೆ. ಅವಳು ಹೇಳಿಲ್ಲ. ಹೆದರಿಸಿದ್ದಾನೆಯೇ? ಏನು ಕೇಳುತ್ತಿದ್ದಾನೆ? ಕಚೇರಿ ಬಿಡುವ ತನಕ ನಾನು ಕೂತಲ್ಲಿ ಕೂರಲಿಲ್ಲ.

ಸಂಜೆ ಅಕ್ಕನ ಓಣಿಗೆ ಹೋಗಿ ಸಿದ್ಧಮ್ಮನವರ ಜಗಲಿಯಲ್ಲಿ, ಕಂಬದ ಮರೆಗೆ ಕೂತೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಬೆರಗಾಗಲಿಲ್ಲ. ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದರು.

“ಅಕ್ಕನ ಮನೆಗೆ ಬಂದು ನನ್ ಮನೇಲಿ ಕುಂತಿದೀಯಲ್ಲವ್ವ. ಜಗಳಾನಾ?”

“ಇಲ್ಲಮ್ಮ. ಸಂಜೆ ಅಲ್ಲಿಗೆ ಯಾರೋ ಬರ್ತಾರಂತೆ. ನೀವು ನೋಡಿದೀರಾ?”

ಸಿದ್ಧಮ್ಮ ಒಂದು ಕಾಯಿ ಬಿಡಿಸಿ, ಹುಳ ಹಿಡಿದಿದ್ದ ಕಾಳನ್ನು ಅಂಗಳಕ್ಕೆ ಎಸೆದರು. “ನೋಡಿದೀನಿ. ಓಣಿಗೆಲ್ಲ ಗೊತ್ತು. ಈಗ ಬರೋ ಹೊತ್ತೇಯ. ನೀನೂ ನೋಡು. ಕೂಗಬ್ಯಾಡ ಮಾತ್ರ.”

ಓಣಿಯ ತಿರುವಿನಲ್ಲಿ ಮೊದಲು ಚಪ್ಪಲಿಯ ಸದ್ದು ಕೇಳಿಸಿತು. ಹಿಮ್ಮಡಿ ಎಳೆಯುವ ಆ ಸದ್ದಿಗೆ ಕಂಬದ ಮರೆಯಿಂದ ಬಗ್ಗಿ ನೋಡಿದೆ. ಭಾವನ ಚಪ್ಪಲಿ. ಭಾವನ ಉಪಕರಣದ ಚೀಲ, ಬಲಗೈಯಲ್ಲಿ. ಆ ಭಾರಕ್ಕೆ ಒಂದು ಕಡೆ ವಾಲಿದ ಭುಜ. ಎರಡು ಮನೆಗಳ ನಡುವಿನ ಚರಂಡಿಯ ಕಲ್ಲು ದಾಟುವಾಗ ತಲೆ ತಗ್ಗಿಸುವ ರೀತಿ. ಬಂದವಳು ಅಕ್ಕ. ಸೀರೆಯ ನೆರಿಗೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು, ಗಂಡಸಿನ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿ, ಗೆಣ್ಣಿನಿಂದ ಎರಡು ಸಲ ಬಡಿದು, ಕೆಮ್ಮಿ, ಚೀಲವನ್ನು ಕೈ ಬದಲಿಸಿ ಇಳಿಸಿದಳು. ಬಾಗಿಲು ತೆರೆಯಿತು. ಒಳಗೆ ಪಡಸಾಲೆಯ ದೀಪ ಹತ್ತಿತು.

“ಮೊದಲ್ನೇ ದಿನ ನಾನೂ ಎದ್ದು ನಿಂತು ತಲೆ ಮೇಲೆ ಸೆರಗು ಎಳ್ಕೊಂಡೆ,” ಎಂದರು ಸಿದ್ಧಮ್ಮ. “ಅಷ್ಟು ಹಂಗೇ ಬರ್ತಾಳೆ. ನಾನು ಎಷ್ಟು ಓಡಾಡಿಸಿದ್ರೂ ಆ ಮನೆ ಅವ್ಳನ್ನ ಹಿಡೀಲೇ ಇಲ್ಲ ಕಣವ್ವ. ಒಂದಿನ ಕೂತು ಅಳೋಳು, ಒಂದಿನ ಕಲ್ಲಿನಂಗೆ ನಿಲ್ಲೋಳು. ಬಾಗ್ಲು ಏನಂತ ಕಲೀತದೆ?”

ನಾನು ಹೋಗಿ ಬಾಗಿಲು ತಟ್ಟಿದೆ. ಅಕ್ಕ ಒಳಗಿನಿಂದ ತೆರೆದಳು. ಅಷ್ಟರಲ್ಲಿ ಅವಳು ಅವಳೇ ಆಗಿದ್ದಳು. ನೆರಿಗೆ ಇಳಿಬಿಟ್ಟಿದ್ದಳು, ಮುಖ ತೊಳೆದಿದ್ದಳು. ಗೋಡೆಗೆ ತಿರುಗಿರಬೇಕಾದ ಕುರ್ಚಿ ಬಾಗಿಲಿಗೆ ಮುಖ ಮಾಡಿತ್ತು. ಬಚ್ಚಲಲ್ಲಿ ನೀರು ಕಾಯುವ ಸದ್ದು. ಭಾವ ಬಂದ ಕೂಡಲೆ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದರು. ಮನೆ ಅದನ್ನು ಮರೆತಿರಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. “ಸಿದ್ಧಮ್ಮನ ಜಗಲೀಲಿ ಎಷ್ಟೊತ್ತು ಕೂತಿದ್ದೆ?”

“ನೋಡಿದೆ ಅಕ್ಕ.”

“ಹೂಂ,” ಎಂದು ಚಾಪೆ ಹಾಸಿದಳು. ಕಾಫಿಗೆ ಇಟ್ಟಳು. ಅವಳು ಹೇಳಿದ್ದೆಲ್ಲ ಒಲೆಯ ಕಡೆ ಮುಖ ಮಾಡಿಕೊಂಡೇ. ಒಂದು ದಿನ ಅವರ ಚೀಲ ಹಿಡಿದುಕೊಂಡು, ಅಂಗಡಿಯಲ್ಲಿ ಉಳಿದಿದ್ದ ಉಪಕರಣ ತರಲು ಹೋಗಿದ್ದಳಂತೆ. ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಅಲ್ಲೇ ಇದ್ದ ಅವರ ಹಳೆಯ ಚಪ್ಪಲಿ ಹಾಕಿಕೊಂಡಳು. ಚೀಲ ಭಾರ. ಬಾಗಿಲ ಮುಂದೆ ಬರುವಷ್ಟರಲ್ಲಿ ಇವತ್ತೂ ತೆರೆಯುವುದಿಲ್ಲ ಎಂಬ ಸಿಟ್ಟಿಗೆ ಚೌಕಟ್ಟನ್ನು ಎರಡು ಸಲ ಗುದ್ದಿದಳು. ಧೂಳಿಗೆ ಕೆಮ್ಮು ಬಂತು. ಕೈ ಸೋತು ಚೀಲ ಎಡಗೈಗೆ ತಂದಳು. ಬಾಗಿಲು ತೆರೆದುಕೊಂಡಿತು.

“ದೀಪ ಹತ್ತಿತು ಕಣೇ. ನೀರು ಕಾಯೋಕೆ ಶುರುವಾಯ್ತು. ಅವರು ಬಂದ್ರು ಅಂತ ಮನೆಗೆ ಎಷ್ಟು ಸಂತೋಷ. ನಾನು ಹೊಸಿಲಲ್ಲೇ ಕೂತುಬಿಟ್ಟೆ. ಆಮೇಲೆ ದಿನಾ ಹಂಗೇ ಬಂದೆ. ಹಗಲೆಲ್ಲ ಅಂಗಡೀಲಿ ಇರ್ತೀನಿ, ಸಂಜೆ ಅವರಾಗಿ ಬರ್ತೀನಿ. ಈ ಮನೆಗೆ ನಾನು ಗೊತ್ತೇ ಇಲ್ಲ ನಳಿನಿ. ಅವರೊಬ್ಬರೇ ಗೊತ್ತು.”

ನಾನು ಮರೆಗುಳಿಯ ವಿಷಯ ಹೇಳಿದೆ. ಸೋಮವಾರದಿಂದ ಎಲ್ಲ ಬಾಗಿಲಿಗೂ ಬರುತ್ತದೆ, ಈ ನಡಿಗೆಯನ್ನು ಕಳ್ಳನದೆಂದು ಹಿಡಿಯುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಮನೆಗೆ ಯಾರೂ ಗೊತ್ತಿರುವುದಿಲ್ಲ ಎಂದೆ. ಮಾತುಗಳನ್ನು ಆದಷ್ಟು ಮೆತ್ತಗೆ ಆರಿಸಿಕೊಂಡೆ. ಆದರೆ ಮನೆ ಹೋಗುತ್ತದೆ ಎಂಬುದನ್ನು ಮೆತ್ತಗೆ ಹೇಳುವ ಮಾತು ಯಾವ ಭಾಷೆಯಲ್ಲೂ ಇಲ್ಲ.

“ನೀನು ಮಾಡಿದ್ದಾ ಅದನ್ನ?”

“ನಾನೇ.”

“ಜೀವ ಇದ್ದಾಗ ಆ ಮನುಷ್ಯನ್ನ ನನಗೇ ಹಿಡಿಯೋಕಾಗ್ಲಿಲ್ಲ. ಈಗ ನೀನು ಹಿಡಿದ್ಯಲ್ಲ,” ಎಂದು ಅಕ್ಕ ಸ್ವಲ್ಪ ನಕ್ಕಳು. ಕಾಫಿ ಲೋಟ ನನ್ನ ಕೈಗೆ ಕೊಟ್ಟಳು. ಬಿಸಿ ನೋಡಿಕೋ ಎಂದಳು.

ಮರುದಿನ ಹಾಲಪ್ಪನವರ ಕೋಣೆಗೆ ಹೋದೆ. ಒಂದೇ ಒಂದು ಬಾಗಿಲಿಗೆ ಮರೆಗುಳಿ ಬೇಡ ಎಂದು ಬಿಡಲು ಸಾಧ್ಯವೇ ಎಂದು ಕೇಳಿದೆ. ಯಾರ ಬಾಗಿಲು ಎಂದು ಅವರು ಕೇಳಲಿಲ್ಲ. ಅದು ಅವರ ದೊಡ್ಡತನ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಿ ನಳಿನಾಕ್ಷಿಯವರೇ, ಒಂದು ಬಾಗಿಲಿಗೆ ಬಿಟ್ಟರೆ ಆ ವಿನಾಯಿತಿಯೂ ತಂತೀಲೇ ಹೋಗಬೇಕು. ತಂತೀಲಿ ಹೋಗಿದ್ದನ್ನ ಅವರು ಕೇಳಿಸ್ಕೊಳ್ತಾರೆ. ನಾಳೆ ಎಲ್ಲ ಕಳ್ಳರೂ ನಾನು ಆ ಬಾಗಿಲಿನವನೇ ಅಂತ ಬರ್ತಾರೆ. ನೀವೇ ತಾನೆ ನಮಗೆ ಇದನ್ನ ಹೇಳಿಕೊಟ್ಟಿದ್ದು?” ಕನ್ನಡಕವನ್ನು ಮತ್ತೆ ಹಾಕಿಕೊಂಡು, “ಗಾಣದ ಬೀದಿ ಆ ತಾಯೀನ ನಿನ್ನೆ ನೋಡಿ ಬಂದೆ. ಈಗಲೂ ಕೇಳ್ತಾರೆ, ನನ್ ಮಗ ಯಾಕೆ ದೂಡಿದ ಅಂತ. ಮಗ ಪಕ್ಕದಲ್ಲೇ ಕೂತಿದಾನೆ,” ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಾಗಾದರೆ ಉಳಿದ ದಾರಿ ಒಂದೇ, ಮತ್ತು ಅದು ನನ್ನ ಕೆಲಸದವರು ಯಾರೂ ಮಾಡಬಾರದ್ದು. ಹಿಡಿಯುವವಳು ನಾನು, ಸಿಕ್ಕಿಬೀಳದ ಹಾಗೆ ಬರುವುದನ್ನು ನಾನೇ ಅಕ್ಕನಿಗೆ ಕಲಿಸಬೇಕು. ಭಾವ ಜೀವಂತ ಇದ್ದಾಗಿನ ಹಳೆಯ ದಾಖಲೆಗಳನ್ನು ತೆರೆದು ನೋಡಿದೆ. ಎಷ್ಟೋ ಸಂಜೆಗಳಲ್ಲಿ ಒಂದೇ ನಕ್ಷೆ: ಬರುವುದು, ಒಳಗೆ ಹೋಗುವುದು, ತಕ್ಷಣ ಹೊರಗೆ ಬಂದು ಓಣಿಯಲ್ಲಿ ಹಿಂದಿರುಗುವುದು, ಇನ್ನೊಮ್ಮೆ ಬರುವುದು. ನನಗೆ ನಗು ಬಂತು. ಊಟದ ಕ್ಯಾರಿಯರ್. ಭಾವ ಅದನ್ನು ಅಂಗಡಿಯಲ್ಲೇ ಮರೆತು ಬರುತ್ತಿದ್ದರು. ಕ್ಯಾರಿಯರ್ ಎಲ್ಲಿ ಎಂದು ಅಕ್ಕ ಕೇಳುವ ತನಕ ಅವರಿಗೆ ನೆನಪಾಗುತ್ತಿರಲಿಲ್ಲ.

ಭಾನುವಾರ ಅಕ್ಕನ ಮನೆಗೆ ಹೋದೆ. ಅಕ್ಕ ಮತ್ತು ಸಿದ್ಧಮ್ಮ ಜಗಲಿಯಲ್ಲಿ ಕೂತಿದ್ದರು.

“ಒಂದೇ ಒಂದು ಕೆಲಸ ಮಾಡು ಅಕ್ಕ. ಆಗಾಗ ಭಾವ ಮರೀತಿದ್ದ ಹಾಗೆ ಮರಿ. ಬಾಗಿಲ ತನಕ ಬಾ, ಕ್ಯಾರಿಯರ್ ನೆನಪಾದ ಹಾಗೆ ವಾಪಸ್ ಹೋಗು, ಹಾಲಿನ ಬೂತಿನ ಹತ್ರ ಒಂಚೂರು ನಿಂತು ಮತ್ತೆ ಬಾ. ಅಷ್ಟೇ ಸಾಕು. ಮರೆಗುಳಿ ಹಿಡಿಯಲ್ಲ.”

“ಅವರು ಎಲ್ಲಿ ಮರೀತಿದ್ರು? ಏನೂ ಮರೀತಿರಲಿಲ್ಲ,” ಎಂದಳು ಅಕ್ಕ.

ಸಿದ್ಧಮ್ಮ ನಕ್ಕರು. “ಅಯ್ಯೋ ಚಂಪಕ್ಕ, ನಿನ್ ಗಂಡ ಓಣಿಗೆ ಎರಡೆರಡು ಸಲ ಬರ್ತಿದ್ದ. ಮೊದ್ಲು ಬಂದಾಗ ನಾವು ಕಾಫಿಗೆ ಇಡ್ತಿದ್ವಿ, ಎರಡ್ನೇ ಸಲಕ್ಕೆ ದೀಪ ಹಚ್ತಿದ್ವಿ. ಗಡಿಯಾರಕ್ಕಿಂತ ವಾಸಿ ಇದ್ದ.”

ಅಕ್ಕ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು. ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅವರು ದಾಟಿಹೋಗುವ ತನಕ ಕಾದಳು.

“ಆವತ್ತು ಅವರು ಮನೆಗೆ ಬರ್ತಾ ಬಿದ್ದಿದ್ದು ಅಂತ ನೀವೆಲ್ಲ ತಿಳ್ಕೊಂಡಿದೀರಿ. ಅಲ್ಲ. ಬಂದಿದ್ರು. ಚೀಲ ಇಳಿಸಿದ್ರು. ಇವತ್ತೂ ಮರೆತ್ರಾ, ನಾಳೆ ತಂಗಳು ನಾತ ಹೊಡೆಯೋ ಡಬ್ಬ ಉಜ್ಜೋಳು ನಾನು ತಾನೆ, ಹೋಗಿ ತನ್ನಿ ಅಂದೆ. ಸುಸ್ತಾಗಿದೆ ಕಣೆ ಅಂದ್ರು. ಹೋಗ್ರಿ ಅಂದೆ. ಹೋದ್ರು.” ಅವಳು ತಿರುವಿನ ಕಡೆ ನೋಡಿದಳು. “ಅವರು ಹೋಗ್ತಾ ಬಿದ್ರು ನಳಿನಿ, ಬರ್ತಾ ಅಲ್ಲ.”

ಸಿದ್ಧಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟರು. ಇಂಥ ಹೊತ್ತಿನಲ್ಲಿ ನಾನು ಕೆಲಸದ ಮಾತನ್ನೇ ಆಡುತ್ತೇನೆ.

“ಒಂದು ಸಲ ಸಾಕು ಅಕ್ಕ. ನಾಳೆ ಒಂದು ಸಲ ಹಾಗೆ ಮಾಡಿದ್ರೆ ಮನೆ ಉಳಿಯತ್ತೆ. ಬೇಕಾದ್ರೆ ನಾನೂ ಜೊತೇಲಿ ಬರ್ತೀನಿ.”

“ಮನೆ ಹೋದ್ರೆ ಹೋಗಲಿ,” ಎಂದಳು ಅಕ್ಕ. “ನಾನು ಅವರನ್ನ ಆ ಬೂತಿನ ಹತ್ರ ಇನ್ನೊಂದು ಸಲ ಕಳಿಸಲ್ಲ. ಇಷ್ಟು ದಿನ ನೇರವಾಗಿ ಮನೆಗೆ ಬಂದಿದಾರೆ. ಏನೂ ಮರೀದೆ ಬಂದಿದಾರೆ. ಬಿಸಿನೀರಲ್ಲಿ ಕಾಲು ತೊಳ್ಕೊಂಡಿದಾರೆ. ನಾಳೆನೂ ಹಂಗೇ ಬರ್ತಾರೆ. ಬಾಗಿಲು ತೆರೆಯೋದು ಬಿಡೋದು ಅದರ ಇಷ್ಟ.”

ನಾನು ಮತ್ತೆ ಮತ್ತೆ ಹೇಳಿದೆ. ಕೊನೆಗೆ ಸ್ವಲ್ಪ ಗದರಿದೆ ಕೂಡ. ಅವಳು ಸಿದ್ಧಮ್ಮನ ಮೊರ ಎಳೆದುಕೊಂಡು ಅವರೆಕಾಯಿ ಸುಲಿಯತೊಡಗಿದಳು. ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ. ಕೈಗೆ ಕೆಲಸ ಬಂದರೆ ಅವಳ ಮಾತು ಮುಗಿಯಿತೆಂದು ಅರ್ಥ.

ಸೋಮವಾರ ಸಂಜೆ ಅವಳ ಮೆಟ್ಟಿಲ ಪಕ್ಕದಲ್ಲೇ ನಿಂತಿದ್ದೆ. ಓಣಿಯವರು ತಮ್ಮ ತಮ್ಮ ಜಗಲಿಗಳಲ್ಲಿ ಏನೋ ಕೆಲಸವಿದ್ದವರ ಹಾಗೆ ಕೂತಿದ್ದರು. ಚಪ್ಪಲಿಯ ಸದ್ದು ಕೇಳಿತು. ಅವಳು ಎಂದಿಗಿಂತ ಚೆನ್ನಾಗಿ ಬಂದಳು. ಹಾಲಿನ ಬೂತು ದಾಟಿ, ಚರಂಡಿಯ ಕಲ್ಲು ದಾಟಿ, ಎಡವದೆ, ನಿಲ್ಲದೆ, ಹಿಂದಿರುಗಿ ನೋಡದೆ ಬಂದಳು. ಎರಡು ಬಡಿತ. ಕೆಮ್ಮು. ಚೀಲ ಎಡಗೈಗೆ ಬಂದು ನೆಲಕ್ಕಿಳಿಯಿತು.

ಬಾಗಿಲು ಸುಮ್ಮನಿತ್ತು.

ಅವಳು ಎರಡನೇ ಸಲ ಬಡಿಯಲಿಲ್ಲ. ಭಾವ ಎಂದೂ ಎರಡನೇ ಸಲ ಬಡಿದವರಲ್ಲ. ಹಾಗೇ ನಿಂತಿದ್ದು, ಮೆಲ್ಲಗೆ ಚಪ್ಪಲಿ ಬಿಟ್ಟಳು. ಅವುಗಳನ್ನು ಜೋಡಿಸಿ ಗೋಡೆಯ ಬದಿಗೆ ಇಟ್ಟಳು. ನೆರಿಗೆ ಇಳಿಬಿಟ್ಟಳು. “ಬಂದ್ರಲ್ಲ, ಸಾಕು ಬಿಡಿ,” ಎಂದಳು, ನನಗಲ್ಲ. ಆಮೇಲೆ ನನ್ನ ಕಡೆ ತಿರುಗಿ, “ನಡಿ, ನಿಮ್ಮನೆಗೆ ಹೋಗಣ,” ಎಂದಳು. ಓಣಿಯ ತಿರುವಿನ ತನಕ ಬರಿಗಾಲಲ್ಲಿ ನಡೆದಳು. ಬೂತಿನ ಹತ್ತಿರ ಬಂದಾಗ ನನ್ನ ತೋಳು ಹಿಡಿದಳು.

ಋತು ಕಳೆದ ಮೇಲೆ ಊರು ಆ ಮನೆಯನ್ನು ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ಕೊಟ್ಟಿತು. ಅಕ್ಕ ಹೋಗಿ ಹುಡುಗಿಗೆ ಬಚ್ಚಲ ನೀರಿನ ವಿಷಯ ಹೇಳಿಕೊಟ್ಟು ಬಂದಳು. ಆ ಮನೆಯಲ್ಲಿ ಮರೆಗುಳಿಯಿಂದಾಗಿ ಯಾರಿಗೂ ತೊಂದರೆಯಾಗಲಿಲ್ಲ ಎಂದು ಸಿದ್ಧಮ್ಮ ಹೇಳುತ್ತಾರೆ. ಆ ಹುಡುಗ ದಿನಕ್ಕೊಂದು ಮರೆಯುತ್ತಾನಂತೆ. ಕಳ್ಳತನಗಳೂ ಕಡಿಮೆಯಾದವು. ನನ್ನನ್ನು ಕರೆದು ಶಾಲು ಹೊದಿಸಿದರು.

ನನ್ನದು ಎರಡು ಕೋಣೆಯ ಮನೆ, ನನ್ನೊಬ್ಬಳನ್ನೇ ಬಲ್ಲ ಬಾಗಿಲು. ಅಕ್ಕ ಹಗಲು ತಕ್ಕಡಿ ಅಂಗಡಿಯಲ್ಲಿ ಇರುತ್ತಾಳೆ. ಭಾವನ ಕೆಲಸವನ್ನು ಅಷ್ಟಿಷ್ಟು ಕಲಿತಿದ್ದಾಳೆ. ಅಂಗಡಿಯ ಬಾಗಿಲು ಮೊದಲಿನಿಂದಲೂ ಬಲ್ಲ ಪಕ್ಕದ ಬತ್ತಾಸಿನ ಅಂಗಡಿಯವರು ಅದನ್ನು ತೆರೆಸಿಕೊಡುತ್ತಾರೆ. ಅವಳು ನನಗಿಂತ ಮೊದಲೇ ಮನೆಗೆ ಬಂದುಬಿಡುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ. ನಾನು ಬರುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನಾನಿದ್ದ ರಜೆಯ ದಿನಗಳಲ್ಲಿ ಅವಳನ್ನು ಒಳಗೆ ಹೊರಗೆ ಓಡಾಡಿಸಿದೆ, ಸೊಸೆಯನ್ನು ಓಡಾಡಿಸುವ ಹಾಗೆ. ಏನೂ ಪ್ರಯೋಜನವಾಗಲಿಲ್ಲ. ದಿನವೂ ಸಂಜೆ ಕಚೇರಿಯ ಪರದೆಯಲ್ಲಿ ನನ್ನದೇ ಬಾಗಿಲಿನಿಂದ ಎಚ್ಚರಿಕೆ ಬರುತ್ತಿತ್ತು. ಅಪರಿಚಿತರು ನಿಂತಿದ್ದಾರೆ.

“ನಿನ್ ಮನೆ ಕಳ್ಳ ಬಂದ ನೋಡು,” ಎನ್ನುತ್ತಿದ್ದಳು ಜೈನಬಿ, ಮೊದಮೊದಲು. ವಿಷಯ ಗೊತ್ತಾದ ಮೇಲೆ, “ಅಕ್ಕ ಬಂದ್ರು ನಳಿನಿ, ನೀನು ಹೊರಡು, ಇದನ್ನ ನಾನು ಮುಗಿಸ್ತೀನಿ,” ಎನ್ನತೊಡಗಿದಳು. ನಾನು ಆ ಎಚ್ಚರಿಕೆಗೆ ಹೊಂದಿಕೊಂಡೆ. ಅದು ಬಂದರೆ ಅಕ್ಕ ಸುರಕ್ಷಿತವಾಗಿ ಬಂದಳು ಎಂದರ್ಥ. ನನ್ನ ಮನೆಯ ದಾರಿಯಲ್ಲೂ ಸಿಗುವ ಆ ಬೂತಿನ ಹತ್ತಿರ ಏನೂ ಆಗಲಿಲ್ಲ ಎಂದರ್ಥ.

ಒಂದು ಸಂಜೆ ಅದು ಬರಲಿಲ್ಲ. ಕಾದೆ. ಪರದೆ ಕೆಟ್ಟಿದೆಯೇ ಎಂದು ನೋಡಿದೆ. ಜೈನಬಿ ನನ್ನ ಚೀಲ ತೆಗೆದು ಕೈಗಿಟ್ಟಳು. ಓಡಿದೆ. ಬೂತಿನ ಹತ್ತಿರ ಜನ ಗುಂಪಾಗಿ ನಿಂತಿಲ್ಲ. ಮೆಟ್ಟಿಲ ಮೇಲೆ ಅಕ್ಕ ಇಲ್ಲ. ನಾನು ಹತ್ತಿದ ಅವಸರಕ್ಕೆ ನನ್ನ ಬಾಗಿಲು ನನ್ನನ್ನೇ ಗುರುತಿಸಲಿಲ್ಲ. ಅಂಗೈಯಿಂದ ಬಡಿದೆ.

ಅಕ್ಕ ಒಳಗಿನಿಂದ ತೆರೆದಳು. ಕೈಯಲ್ಲಿ ಈರುಳ್ಳಿ ಹೆಚ್ಚುವ ಚಾಕು ಇತ್ತು.

“ಒಳಗೆ ಹೆಂಗೆ ಬಂದೆ?”

“ನಂಗೇನು ಗೊತ್ತು. ಬಂದು ನಿಂತೆ, ತೆರೀತು. ದಿನಾ ಬರೋ ಹಾಗೇ ಬಂದೆ.”

“ದಿನಾ ಹೆಂಗೆ ಬರ್ತೀಯ?”

ಅವಳು ಸ್ವಲ್ಪ ನಾಚಿದಳು. “ಬೂತು ದಾಟಿದ ಮೇಲೆ ಅಳು ಬರತ್ತೆ ಕಣೇ. ಮೆಟ್ಟಿಲ ತನಕ ಇರತ್ತೆ. ನೀನು ಬರೋದ್ರೊಳಗೆ ಮುಖ ಒರೆಸ್ಕೊಂಡಿರ್ತೀನಿ.”

ಮರುದಿನ ಕಚೇರಿಯಲ್ಲಿ ನನ್ನ ಬಾಗಿಲು ಕಲಿತದ್ದನ್ನು ತೆರೆದು ನೋಡಿದೆ. ನಿಧಾನವಾದ ಹೆಜ್ಜೆ. ಹೊಸಿಲ ಮುಂದೆ ತಡೆದ ಉಸಿರು, ಅದು ಎರಡು ತುಂಡಾಗಿ ಬಿಡುಗಡೆಯಾಗುವುದು. ಮುಖಕ್ಕೆ ಬಟ್ಟೆ ತಾಗುವ ಸದ್ದು. ಇದಿಷ್ಟೂ ದಿನಕ್ಕೊಂದು ರೀತಿ. ಒಂದು ದಿನದ ಅಳು ಇನ್ನೊಂದು ದಿನದ್ದರ ಹಾಗಿಲ್ಲ. ಮರೆಗುಳಿ ಇದರ ಮೇಲ್ಗಡೆ, ಅನುಮಾನವಿಲ್ಲ, ಇವರು ನಿಜವಾದವರು ಎಂದು ಬರೆದಿತ್ತು. ಅವಳನ್ನು ಅದು ಕೊನೆಗೂ ಅರಿತುಕೊಂಡಿತ್ತು, ಅಳುವವಳು ಎಂದು.

ಈಗ ಅಕ್ಕನಿಗೆ ಬಾಗಿಲು ತೆರೆಯುತ್ತದೆ. ನಾನು ಮಾತ್ರ ಹಾಲಪ್ಪನವರನ್ನು ಕೇಳಿಕೊಂಡು, ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನವೇ ಮನೆಗೆ ಬರುತ್ತೇನೆ. ಕಾರಣವನ್ನು ಯಾರಿಗೂ ಹೇಳಿಲ್ಲ. ಬಾಗಿಲ ಹಿಂದೆ ಒಂದು ಮಣೆ ಹಾಕಿಕೊಂಡು, ಸೊಪ್ಪು ಬಿಡಿಸುತ್ತಾ ಅವಳ ಹೆಜ್ಜೆಗೆ ಕಿವಿಗೊಟ್ಟು ಕೂರುತ್ತೇನೆ. ದಿನವೂ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ, ನಾನು ಏಳಬೇಕಾಗುವುದಿಲ್ಲ. ಆದರೂ ಕೂರುತ್ತೇನೆ. ಯಾವತ್ತಾದರೂ ಒಂದು ಸಂಜೆ ಅವಳು ಅಳದೆ ಬಂದುಬಿಟ್ಟರೆ, ಈ ಬಾಗಿಲು ಅವಳನ್ನು ಹೊರಗೇ ನಿಲ್ಲಿಸುತ್ತದೆ. ಆ ಹೊತ್ತಿಗೆ ಒಳಗೆ ಯಾರಾದರೂ ಇರಬೇಕಲ್ಲ.